ಕೂಸಿನ ರಕ್ತಕ್ಕೆ ದೊಡ್ಡವರ ಅಳತೆ

ಆರು ತಿಂಗಳ ಮಗುವಿನ ರಕ್ತಪರೀಕ್ಷೆಯಲ್ಲಿ ಲಿಂಫೋಸೈಟ್ ಶೇ 62 ಎಂದು ಬಂದಿದೆ ಎಂದುಕೊಳ್ಳಿ. ಮೊಬೈಲಿಗೆ ಬಂದ ವರದಿಯಲ್ಲಿ ಆ ಅಂಕಿ ಕೆಂಪಕ್ಷರದಲ್ಲಿರುತ್ತದೆ. ಪಕ್ಕದಲ್ಲಿ ‘20ರಿಂದ 40’ ಎಂಬ ಮಿತಿ ಅಚ್ಚಾಗಿರುತ್ತದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿರುವ ಅಪ್ಪ ಅಮ್ಮ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಈಗ ಇನ್ನೊಂದು ಕೂಸಿನ ವರದಿ ನೋಡಿ. ವಯಸ್ಸು ಅಷ್ಟೇ, ಮನೆ ಪೀಣ್ಯದ ಹಿಂದಿನ ಹೆಗ್ಗನಹಳ್ಳಿಯಲ್ಲಿ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಲಿಂಫೋಸೈಟ್ 1,400. ಮಿತಿ ‘1,000ದಿಂದ 4,800’ ಎಂದಿರುವುದರಿಂದ ಕೆಂಪು ಬಣ್ಣವಿಲ್ಲ, ಯಾರಿಗೂ ಗಾಬರಿಯಿಲ್ಲ.

ಮೊದಲನೆಯ ಮಗುವಿಗೆ ಏನೂ ಆಗಿಲ್ಲ. ಎರಡನೆಯದನ್ನು ಅದೇ ದಿನ ತಜ್ಞ ವೈದ್ಯರ ಬಳಿಗೆ ಒಯ್ಯಬೇಕು.

ಎರಡೂ ವರದಿಗಳು ತಪ್ಪುದಾರಿ ಹಿಡಿಸಿದ್ದಕ್ಕೆ ಕಾರಣ ಒಂದೇ. ಆ ಮಿತಿಗಳು ದೊಡ್ಡವರವು. ಮಗುವಿನ ರೋಗನಿರೋಧಕ ಕಣಗಳ ಎಣಿಕೆ ಹುಟ್ಟಿದ ದಿನದಿಂದ ಐದು ವರ್ಷದವರೆಗೆ ಬದಲಾಗುತ್ತಲೇ ಇರುತ್ತದೆ. ವಯಸ್ಸನ್ನು ಬಿಟ್ಟು ಅಂಕಿಯನ್ನು ಓದಿದರೆ ಅದಕ್ಕೆ ಅರ್ಥವೇ ಇಲ್ಲ. ಬೆಂಗಳೂರಿನ ಹೊರಂಚಿನ ಈ ಕೈಗಾರಿಕೆ ಮತ್ತು ಐಟಿ ಪಟ್ಟಿಯಲ್ಲಿ ರಕ್ತಪರೀಕ್ಷೆಗೆ ಬರವಿಲ್ಲ, ಬೀದಿಗೊಂದು ಸ್ಯಾಂಪಲ್ ಕೇಂದ್ರವಿದೆ. ಅಂಕಿಗಳನ್ನು ಮಗುವಿನ ವಯಸ್ಸಿಗೆ ತಕ್ಕಂತೆ ಓದುವ ರೂಢಿಯೊಂದು ಇನ್ನೂ ಬಂದಿಲ್ಲ.

ಯಾವ ವಯಸ್ಸಿಗೆ ಎಷ್ಟು

ಹುಟ್ಟಿದ ದಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿ ರಕ್ತಕಣಗಳು 9,000ದಿಂದ 30,000ದವರೆಗೆ ಇರಬಹುದು. ಸರಾಸರಿ ಸುಮಾರು 18,000. ದೊಡ್ಡವರಲ್ಲಿ ಇಷ್ಟು ಕಂಡರೆ ವೈದ್ಯರು ಸೋಂಕನ್ನು ಹುಡುಕುತ್ತಾರೆ. ಕೂಸಿನಲ್ಲಿ ಅದು ಹೆರಿಗೆಯ ಶ್ರಮಕ್ಕೆ ದೇಹ ಕೊಟ್ಟ ಉತ್ತರ. ಅಂದು ಬಹುಪಾಲು ಕಣಗಳು ನ್ಯೂಟ್ರೋಫಿಲ್‌ಗಳು, ಬ್ಯಾಕ್ಟೀರಿಯಾ ಕಂಡ ತಕ್ಷಣ ನುಂಗುವ ಜಾತಿಯವು. ಇವುಗಳ ಸರಾಸರಿ ಹುಟ್ಟುವಾಗ 11,000 ಇದ್ದದ್ದು ಒಂದೇ ವಾರದಲ್ಲಿ 5,500ಕ್ಕೆ ಇಳಿಯುತ್ತದೆ. ಎರಡನೇ ವಾರದ ಹೊತ್ತಿಗೆ ಲಿಂಫೋಸೈಟ್‌ಗಳು ಅವನ್ನು ಹಿಂದೆ ಹಾಕುತ್ತವೆ. ಒಮ್ಮೆ ಕಂಡ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಜಾತಿ ಇದು.

ಲಿಂಫೋಸೈಟ್‌ಗಳ ಲೆಕ್ಕವನ್ನು ಕ್ರಮವಾಗಿ ಹೇಳುವುದು ಮುಖ್ಯ. ಆರು ತಿಂಗಳಿಗೆ ಸರಾಸರಿ 7,300, ಸಹಜ ಮಿತಿ 4,000ದಿಂದ 13,500. ಒಂದು ವರ್ಷಕ್ಕೆ 7,000, ಮಿತಿ 4,000ದಿಂದ 10,500. ಎರಡು ವರ್ಷಕ್ಕೆ 6,300, ಮಿತಿ 3,000ದಿಂದ 9,500. ನಾಲ್ಕು ವರ್ಷಕ್ಕೆ 4,500, ಮಿತಿ 2,000ದಿಂದ 8,000. ದೊಡ್ಡವರಿಗೆ ಬಂದರೆ 2,500. ನಾಲ್ಕೈದು ವರ್ಷದ ಹೊತ್ತಿಗೆ ನ್ಯೂಟ್ರೋಫಿಲ್‌ಗಳು ಮತ್ತೆ ಮುಂದಾಗುತ್ತವೆ. ಅಂದರೆ ಆ ವಯಸ್ಸಿನ ತನಕ ಮಗುವಿನ ರಕ್ತದಲ್ಲಿ ಲಿಂಫೋಸೈಟ್‌ಗಳೇ ಹೆಚ್ಚಿರುವುದು ಸರಿ. ಶೇ 62 ಎಂಬ ಆ ಕೆಂಪು ಅಂಕಿ ಆರೋಗ್ಯದ ಗುರುತು.

ಒಟ್ಟು ಎಣಿಕೆ ಮಾಡಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ಮಗುವಿನ ದೇಹದಲ್ಲಿ ಕೆಜಿಗೆ ಸುಮಾರು 80 ಮಿಲಿ ಲೀಟರ್ ರಕ್ತವಿರುತ್ತದೆ. ಆರು ತಿಂಗಳಿಗೆ 7 ಕೆಜಿ ತೂಗುವ ಕೂಸಿನಲ್ಲಿ 560 ಮಿಲಿ ಲೀಟರ್ ಆಯಿತು. ಅದರಲ್ಲಿ ಓಡಾಡುವ ಲಿಂಫೋಸೈಟ್‌ಗಳು ಸುಮಾರು 409 ಕೋಟಿ. 60 ಕೆಜಿ ತೂಗುವ, 5 ಲೀಟರ್ ರಕ್ತವಿರುವ ಅಪ್ಪನಲ್ಲಿ 1,250 ಕೋಟಿ. ತೂಕಕ್ಕೆ ಭಾಗಿಸಿದರೆ ಕೂಸಿಗೆ ಕೆಜಿಗೆ 58 ಕೋಟಿ, ಅಪ್ಪನಿಗೆ 21 ಕೋಟಿ. ಇದು ರಕ್ತದಲ್ಲಿರುವ ಲೆಕ್ಕ ಮಾತ್ರ. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿ ಸಿಗುವುದು ಶೇ 2ರಷ್ಟು. ಉಳಿದವು ಗುಲ್ಮ, ದುಗ್ಧಗ್ರಂಥಿ, ಕರುಳಿನ ಗೋಡೆಯಲ್ಲಿ ಇರುತ್ತವೆ.

ಇಷ್ಟು ಕಣ ಇದ್ದರೂ ಕೂಸು ಯಾಕೆ ಬೇಗ ಕಾಯಿಲೆ ಬೀಳುತ್ತದೆ? ಕಣಗಳಿಗೆ ಇನ್ನೂ ಅನುಭವವಿಲ್ಲ. ಟಿ ಕಣಗಳೆಂಬ ಲಿಂಫೋಸೈಟ್‌ಗಳು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ. ಅಲ್ಲಿನ ಪರೀಕ್ಷೆ ಬಲು ಕಠಿಣ. ಒಳಗೆ ಬೆಳೆದ 100 ಕಣಗಳಲ್ಲಿ ಹೊರಬರುವುದು ಐದಕ್ಕಿಂತ ಕಡಿಮೆ. ಸ್ವಂತ ದೇಹವನ್ನೇ ಶತ್ರು ಎಂದುಕೊಳ್ಳುವವು, ಏನನ್ನೂ ಗುರುತಿಸಲಾರದವು ಅಲ್ಲೇ ಸಾಯುತ್ತವೆ. ಹೊಸದಾಗಿ ಹುಟ್ಟಿದ ಮಗುವಿನ ಟಿ ಕಣಗಳಲ್ಲಿ ಶೇ 90ಕ್ಕಿಂತ ಹೆಚ್ಚು ಇನ್ನೂ ಯಾವ ರೋಗಾಣುವನ್ನೂ ಕಂಡಿರುವುದಿಲ್ಲ. ಈ ಥೈಮಸ್ ಗ್ರಂಥಿ ಹಸಿವಿಗೆ ಬೇಗ ಸೋಲುತ್ತದೆ. ತೀವ್ರ ಅಪೌಷ್ಟಿಕತೆಯಿದ್ದ ಮಕ್ಕಳಲ್ಲಿ ಅದು ಕುಗ್ಗಿಹೋಗುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಆರು ತಿಂಗಳಿಂದ ಐದು ವರ್ಷದವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಅಂಗಡಿಯಲ್ಲಿ ‘ಇಮ್ಯುನಿಟಿ ಬೂಸ್ಟರ್’ ಎಂದು ಮಾರುವ ಸಿರಪ್‌ಗೆ ಕೊಡುವ ಹಣದಲ್ಲಿ ಮೊಟ್ಟೆ, ಬೇಳೆ, ಸೊಪ್ಪು ತಂದರೆ ಥೈಮಸ್‌ಗೆ ಉಪಯೋಗ. ಇದರಲ್ಲಿ ನನಗೆ ಅನುಮಾನವಿಲ್ಲ.

ಅಮ್ಮ ಕೊಟ್ಟದ್ದು ಎಷ್ಟು ದಿನ

ಕಣಗಳು ಕಲಿಯುವ ತನಕ ಕೂಸನ್ನು ಕಾಯುವುದು ಅಮ್ಮನ ಪ್ರತಿಕಾಯಗಳು. ಐಜಿಜಿ ಎಂಬ ಪ್ರತಿಕಾಯ ಮಾಸಿನ ಮೂಲಕ ದಾಟಿ ಬರುತ್ತದೆ, ಅದೂ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಅದು ಅಮ್ಮನಲ್ಲಿರುವಷ್ಟೇ, ಎಷ್ಟೋ ಸಲ ಅವಳಿಗಿಂತ ತುಸು ಹೆಚ್ಚೇ ಇರುತ್ತದೆ. ಎಂಟನೇ ತಿಂಗಳ ಆರಂಭದಲ್ಲೇ ಹುಟ್ಟಿದರೆ ಅರ್ಧದ ಆಸುಪಾಸು. ಗರ್ಭಿಣಿಗೆ ಟಿಡಿ ಚುಚ್ಚುಮದ್ದು ಕೊಡುವುದು ಇದಕ್ಕೇ. ತಾಯಿಯಲ್ಲಿ ಹುಟ್ಟಿದ ಧನುರ್ವಾಯು ಪ್ರತಿಕಾಯ ಮಗುವಿಗೂ ಸಲ್ಲುತ್ತದೆ. ಹೆರಿಗೆ ಸಮಯದ ಧನುರ್ವಾಯುವನ್ನು ಭಾರತ 2015ರಲ್ಲಿ ನಿವಾರಿಸಿದ್ದರ ಹಿಂದೆ ಧನುರ್ವಾಯು ಸೂಜಿಯ ಪಾಲು ದೊಡ್ಡದು.

ಐಜಿಜಿ ಮೂರರಿಂದ ನಾಲ್ಕು ವಾರಕ್ಕೊಮ್ಮೆ ಅರ್ಧವಾಗುತ್ತದೆ. 25 ದಿನ ಎಂದು ಹಿಡಿದು ಲೆಕ್ಕ ಹಾಕೋಣ. ಹುಟ್ಟುವಾಗ ಒಂದು ಡೆಸಿಲೀಟರ್ ರಕ್ತದಲ್ಲಿ ಅಮ್ಮನಿಂದ ಬಂದದ್ದು 1,000 ಮಿಲಿಗ್ರಾಂ ಇದ್ದರೆ 42ನೇ ದಿನಕ್ಕೆ ಉಳಿಯುವುದು ಸುಮಾರು 310. 70ನೇ ದಿನಕ್ಕೆ 144. 98ನೇ ದಿನಕ್ಕೆ 66. ಈ ಮೂರು ದಿನಗಳನ್ನು ಸುಮ್ಮನೆ ಆರಿಸಿದ್ದಲ್ಲ. 6, 10, 14ನೇ ವಾರ ಎಂದು ತಾಯಿ ಕಾರ್ಡಿನಲ್ಲಿ ಬರೆದಿರುವ ಲಸಿಕೆಯ ದಿನಗಳೇ ಇವು. ಅಮ್ಮನ ಪಾಲು ಕರಗುತ್ತಾ ಬಂದ ಹಾಗೆ ಮಗುವಿನ ಸ್ವಂತ ಪ್ರತಿಕಾಯ ಹುಟ್ಟಬೇಕು, ಅದಕ್ಕೆ ಪಾಠ ಬೇಕು. ಒಟ್ಟು ಐಜಿಜಿ ತೀರ ಕೆಳಗಿಳಿಯುವುದು ಮೂರರಿಂದ ಆರು ತಿಂಗಳ ನಡುವೆ. ಒಂದು ವರ್ಷದ ಹೊತ್ತಿಗೆ ದೊಡ್ಡವರ ಮಟ್ಟದ ಶೇ 60ರಷ್ಟು ಆಗುತ್ತದೆ.

ದಡಾರ ಲಸಿಕೆ ಮಾತ್ರ ಒಂಬತ್ತು ತಿಂಗಳಿಗೆ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಅದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್. ಅಮ್ಮನ ಪ್ರತಿಕಾಯ ರಕ್ತದಲ್ಲಿದ್ದರೆ ಅದು ಪಾಠ ಕಲಿಸುವ ಮುಂಚೆಯೇ ನಾಶವಾಗುತ್ತದೆ. ಒಂಬತ್ತು ತಿಂಗಳಿಗೆ ಕೊಟ್ಟಾಗ ಸುಮಾರು ಶೇ 85ರಷ್ಟು ಮಕ್ಕಳಿಗೆ ರಕ್ಷಣೆ ಹುಟ್ಟುತ್ತದೆ. ನೂರರಲ್ಲಿ ಉಳಿದ 15 ಮಕ್ಕಳಿಗಾಗಿ 16ರಿಂದ 24 ತಿಂಗಳ ನಡುವಿನ ಎರಡನೇ ಡೋಸ್. ವೈಟ್‌ಫೀಲ್ಡ್, ವರ್ತೂರು ಕಡೆಯ ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಕೈತಪ್ಪಿ ಹೋಗಬಹುದಾದದ್ದು ಈ ಎರಡನೇ ಡೋಸೇ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬಂದ ಕುಟುಂಬ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವಾಗ ಮಗುವಿಗೆ ಒಂದೂವರೆ ವರ್ಷ ತುಂಬಿರುತ್ತದೆ. ಹಳೆಯ ಆಶಾ ಕಾರ್ಯಕರ್ತೆಗೆ ಅವರು ಎಲ್ಲಿಗೆ ಹೋದರೆಂದು ತಿಳಿಯುವುದಿಲ್ಲ, ಹೊಸಬರಿಗೆ ಅವರು ಬಂದದ್ದೇ ಗೊತ್ತಿರುವುದಿಲ್ಲ.

ಒಂದು ಟೀ ಚಮಚಕ್ಕಿಂತ ಕಡಿಮೆ

ಸರ್ಕಾರಿ ಪಟ್ಟಿಯಂತೆ ಒಂಬತ್ತು ತಿಂಗಳೊಳಗೆ ಮಗುವಿಗೆ ಬೀಳುವ ಚುಚ್ಚುಮದ್ದು 12. ಹುಟ್ಟಿದಾಗ ಬಿಸಿಜಿ ಮತ್ತು ಹೆಪಟೈಟಿಸ್ ಬಿ. ಆರನೇ ವಾರ ಐದು ಕಾಯಿಲೆ ತಡೆಯುವ ಪೆಂಟಾವೇಲೆಂಟ್, ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೊ ತಡೆಯುವ ಐಪಿವಿ. ಹತ್ತನೇ ವಾರ ಪೆಂಟಾವೇಲೆಂಟ್ ಒಂದೇ. ಹದಿನಾಲ್ಕನೇ ವಾರ ಮತ್ತೆ ಮೂರೂ. ಒಂಬತ್ತು ತಿಂಗಳಿಗೆ ದಡಾರದ ಎಂಆರ್, ಪಿಸಿವಿ, ಐಪಿವಿ. ಜೊತೆಗೆ ಬಾಯಿಗೆ ಪೋಲಿಯೊ ನಾಲ್ಕು ಸಲ, ರೋಟಾ ಮೂರು ಸಲ. ತಡೆಯುವ ಕಾಯಿಲೆಗಳು 11. ಸೂಜಿಯಿಂದ ಒಳಗೆ ಹೋಗುವ ಒಟ್ಟು ದ್ರವ ಕೂಡಿದರೆ 4.35 ಮಿಲಿ ಲೀಟರ್. ಟೀ ಚಮಚದ ಅಳತೆ 5 ಮಿಲಿ ಲೀಟರ್.

‘ಇಷ್ಟು ಪುಟ್ಟ ಮಗುವಿಗೆ ಇಷ್ಟೊಂದಾ’ ಎಂಬ ಆತಂಕ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರ್ ತಂದೆಗೂ ಇದೆ, ಪೀಣ್ಯದ ಅಜ್ಜಿಗೂ ಇದೆ. ಅಮೆರಿಕದ ಮಕ್ಕಳ ವೈದ್ಯ ಪಾಲ್ ಆಫಿಟ್ ಮತ್ತು ಸಂಗಡಿಗರು 2002ರಲ್ಲಿ ಇದಕ್ಕೆ ಲೆಕ್ಕ ಹಾಕಿ ತೋರಿಸಿದರು. ಕೂಸಿನಲ್ಲಿರುವ, ಪ್ರತಿಕಾಯ ತಯಾರಿಸುವ ಬಿ ಕಣಗಳ ಸಂಖ್ಯೆ, ಅವು ಅದನ್ನು ತಯಾರಿಸುವ ವೇಗ ಎರಡನ್ನೂ ಸೇರಿಸಿ ನೋಡಿದರೆ ಸೈದ್ಧಾಂತಿಕವಾಗಿ ಒಂದೇ ಸಲ 10,000 ಲಸಿಕೆಗಳಿಗೂ ಸ್ಪಂದಿಸುವ ಶಕ್ತಿ ಅದಕ್ಕಿದೆ ಎಂಬುದು ಅವರ ಅಂದಾಜು. ತೊಟ್ಟಿಲಲ್ಲಿ ಮಲಗಿ ಬೆರಳು ಚೀಪುವ ಮಗು ದಿನವೂ ಎದುರಿಸುವ ಸೂಕ್ಷ್ಮಜೀವಿಗಳ ಮುಂದೆ 12 ಸೂಜಿ ಏನೂ ಅಲ್ಲ.

ಒಂದು ಕೊರತೆ ಮಾತ್ರ ನಿಜವಾಗಿ ಇದೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಸಕ್ಕರೆಯ ಹೊದಿಕೆ ಹೊದ್ದಿರುತ್ತವೆ. ಎರಡು ವರ್ಷದೊಳಗಿನ ಮಗುವಿನ ಬಿ ಕಣಗಳು ಆ ಸಕ್ಕರೆಯನ್ನು ಒಂಟಿಯಾಗಿ ಗುರುತಿಸಲಾರವು. ಅದಕ್ಕೇ ಸಕ್ಕರೆಗೆ ಪ್ರೋಟೀನೊಂದನ್ನು ಅಂಟಿಸಿ ಟಿ ಕಣಗಳ ನೆರವು ಸಿಗುವಂತೆ ಮಾಡಿದ ಲಸಿಕೆ ಪಿಸಿವಿ. ತಯಾರಿ ಕಷ್ಟವಾದ್ದರಿಂದ ಬೆಲೆಯೂ ಜಾಸ್ತಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2020ರ ಡಿಸೆಂಬರ್‌ನಲ್ಲಿ ದೇಶದ್ದೇ ಪಿಸಿವಿ ತಂದಾಗ ಸರ್ಕಾರಿ ಕಾರ್ಯಕ್ರಮಗಳಿಗೆ ಡೋಸಿಗೆ 3 ಡಾಲರ್, ಖಾಸಗಿಗೆ 10 ಡಾಲರ್ ಎಂದು ಘೋಷಿಸಿತು. 2021ರ ಅಕ್ಟೋಬರ್‌ನಲ್ಲಿ ಇದು ಇಡೀ ದೇಶದ ಉಚಿತ ಪಟ್ಟಿಗೆ ಸೇರಿತು. ಹೊರದೇಶದ ಪಿಸಿವಿಗೆ ಖಾಸಗಿ ಆಸ್ಪತ್ರೆಯಲ್ಲಿ ಡೋಸಿಗೆ ಮೂರು ನಾಲ್ಕು ಸಾವಿರ. ಆರು ಕಾಯಿಲೆಗೆ ಒಂದೇ ಸೂಜಿ ಎನ್ನುವ, ಜ್ವರ ಕಡಿಮೆ ಬರುವ ‘ಪೇನ್‌ಲೆಸ್’ ಲಸಿಕೆಗೂ ಹೆಚ್ಚುಕಡಿಮೆ ಅಷ್ಟೇ. ಮೂರು ಡೋಸ್ ಇದು, ಮೂರು ಡೋಸ್ ಅದು ಎಂದರೆ ಇಪ್ಪತ್ತು ಸಾವಿರ ದಾಟುತ್ತದೆ.

ಕೊಡಲು ಶಕ್ತಿಯಿದ್ದವರು ಕೊಡಲಿ, ಬೇಡವೆನ್ನಲು ಕಾರಣವಿಲ್ಲ. ಆದರೆ ಸಾಲ ಮಾಡಿ ಕೊಡಬೇಕಾದ್ದಿಲ್ಲ. ಸರ್ಕಾರಿ ಪೆಂಟಾವೇಲೆಂಟ್‌ನಲ್ಲಿ ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾವನ್ನು ಕೊಂದು ಹಾಕಿರುತ್ತಾರೆ. ರಾತ್ರಿ ಜ್ವರ ಬರುತ್ತದೆ, ತೊಡೆ ಊದುತ್ತದೆ. ಅದು ಕೊಡುವ ರಕ್ಷಣೆ ಮಾತ್ರ ಪೇನ್‌ಲೆಸ್‌ಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಜ್ವರ ಬಂತೆಂದು ಸರ್ಕಾರಿ ಲಸಿಕೆ ಕಳಪೆ ಎಂದುಕೊಳ್ಳುವುದು ದೊಡ್ಡ ತಪ್ಪು ತಿಳಿವಳಿಕೆ.

ಉಚಿತ ಲಸಿಕೆಗೂ ಒಂದು ಬೆಲೆಯಿದೆ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಒಂಬತ್ತು ತಿಂಗಳೊಳಗೆ ಹುಟ್ಟಿದ ದಿನ ಬಿಟ್ಟು ನಾಲ್ಕು ಸಲ, ಒಂದೂವರೆ ವರ್ಷದ್ದು ಸೇರಿಸಿದರೆ ಐದು ಸಲ ಮಗುವನ್ನು ಕರೆದೊಯ್ಯಬೇಕು. ಲಸಿಕೆಯ ದಿನ ಹೆಚ್ಚಿನ ಕಡೆ ಗುರುವಾರ, ಪೀಣ್ಯದ ಕಾರ್ಖಾನೆಗಳ ವಾರದ ರಜೆ ಭಾನುವಾರ. ಇಎಸ್‌ಐ ಸೌಲಭ್ಯದ ಮೇಲ್ಮಿತಿಯಾದ ತಿಂಗಳಿಗೆ 21,000 ರೂಪಾಯಿ ಸಂಬಳದವರನ್ನೇ ತೆಗೆದುಕೊಂಡರೂ 26 ದಿನಕ್ಕೆ ಭಾಗಿಸಿದರೆ ದಿನಗೂಲಿ ಸುಮಾರು 808 ರೂಪಾಯಿ. ಐದು ದಿನಕ್ಕೆ ಸುಮಾರು 4,040. ಜೊತೆಗೆ ಹಾಜರಾತಿ ಭತ್ಯೆ ಹೋದರೆ ಅದು ಬೇರೆ. ಕರ್ನಾಟಕದಲ್ಲಿ ಎಲ್ಲ ಮೂಲ ಲಸಿಕೆ ಪಡೆದ 12ರಿಂದ 23 ತಿಂಗಳ ಮಕ್ಕಳ ಪ್ರಮಾಣ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 62.6 ಇದ್ದದ್ದು ಐದನೇ ಸುತ್ತಿಗೆ ಶೇ 84.1ಕ್ಕೆ ಏರಿತು. ಇದು ಆಶಾ ಮತ್ತು ಎಎನ್‌ಎಂ ಕಾರ್ಯಕರ್ತೆಯರ ದುಡಿಮೆ, ಮನಸಾರೆ ಮೆಚ್ಚಬೇಕಾದ್ದು. ನೂರರಲ್ಲಿ ಉಳಿದ 16 ಮಕ್ಕಳನ್ನು ತಲುಪಲು ಪೀಣ್ಯ, ಬೊಮ್ಮಸಂದ್ರ, ಮಹದೇವಪುರದಲ್ಲಿ ಭಾನುವಾರ ಬೆಳಗ್ಗೆ ಲಸಿಕೆ ಹಾಕುವುದಕ್ಕಿಂತ ಅಗ್ಗದ ದಾರಿ ನನಗೆ ಕಾಣುತ್ತಿಲ್ಲ.

182 ದಿನ, 136 ಲೀಟರ್

ಎದೆಹಾಲಿನಲ್ಲಿರುವುದು ಬೇರೆ ಪ್ರತಿಕಾಯ, ಐಜಿಎ. ಇದು ರಕ್ತಕ್ಕೆ ಹೋಗದೆ ಕೂಸಿನ ಗಂಟಲು, ಕರುಳಿನ ಒಳಗೋಡೆಯಲ್ಲಿ ನಿಂತು ಕಾಯುತ್ತದೆ. ಮಗುವಿನ ಸ್ವಂತ ಐಜಿಎ ದೊಡ್ಡವರ ಮಟ್ಟಕ್ಕೆ ಬರಲು ಹದಿಹರೆಯವಾಗಬೇಕು, ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಾಲೇ ದಿಕ್ಕು. ಮೊದಲ ದಿನ ಬರುವ ಹಳದಿ ಹಾಲು ಎಲ್ಲ ಸೇರಿ 30 ಮಿಲಿ ಲೀಟರ್ ಆದೀತು. ಅಷ್ಟರಲ್ಲೇ ಐಜಿಎ ಆಮೇಲಿನ ಹಾಲಿಗಿಂತ ಸುಮಾರು ಹತ್ತು ಪಟ್ಟು ಗಾಢ. ಅದನ್ನು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ ಎಂಬುದು ನೋವಿನ ಮಾತು.

ದಿನಕ್ಕೆ ಮುಕ್ಕಾಲು ಲೀಟರ್‌ನಂತೆ 26 ವಾರಕ್ಕೆ, ಅಂದರೆ 182 ದಿನಕ್ಕೆ 136 ಲೀಟರ್ ಹಾಲು. ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಐಜಿಎ ಎಂದರೆ ಒಟ್ಟು 68ರಿಂದ 136 ಗ್ರಾಂ ಪ್ರತಿಕಾಯ ಮಗುವಿನ ಹೊಟ್ಟೆ ಸೇರುತ್ತದೆ. ಬದಲಿಗೆ ಹಾಲಿನ ಪುಡಿ ಕೊಟ್ಟರೆ ಆರು ತಿಂಗಳಿಗೆ ಸುಮಾರು 20 ಕೆಜಿ ಬೇಕು. 400 ಗ್ರಾಂ ಪೊಟ್ಟಣಕ್ಕೆ 400 ರೂಪಾಯಿ ಎಂದು ಕಡಿಮೆಯೇ ಹಿಡಿದರೂ 20,000 ರೂಪಾಯಿ. ಅದೇ ಇಎಸ್‌ಐ ಮೇಲ್ಮಿತಿಯ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಐಜಿಎ ಮಾತ್ರ ಸೊನ್ನೆ.

2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಬರೀ ಎದೆಹಾಲು ಕೊಡಬೇಕಾದ ಆರು ತಿಂಗಳಿಗೆ ಅದು ಸರಿಹೊಂದುತ್ತದೆ ಎಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ, ಚೆಕಿಂಗ್ ಟೇಬಲ್ ಬಳಿ ನಿಲ್ಲುವ ಗಾರ್ಮೆಂಟ್ಸ್ ಹೆಂಗಸು ಎಂಟು ತಿಂಗಳ ಹೊಟ್ಟೆ ಹೊತ್ತು ಹೇಗೆ ಹೋದಾಳು? ಮುಂಚೆಯೇ ರಜೆ ಹಾಕಿದರೆ ಹೆರಿಗೆಯ ನಂತರ ಉಳಿಯುವುದು 18 ವಾರ, 126 ದಿನ. ಆರು ತಿಂಗಳಿಗೆ ಇನ್ನೂ 56 ದಿನ ಕಡಿಮೆ. ಅಮ್ಮನ ಐಜಿಜಿ ಕರಗಿ, ಸ್ವಂತದ್ದು ಇನ್ನೂ ಬೆಳೆಯದ ಹೊತ್ತಿಗೆ ಸರಿಯಾಗಿ ಹಾಲೂ ತಪ್ಪುತ್ತದೆ. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಯನ್ನು ದಿನಕ್ಕೆ ನಾಲ್ಕು ಸಲ ಮಗುವಿನ ಬಳಿ ಬಿಡಬೇಕು ಎಂದೂ ಅದೇ ತಿದ್ದುಪಡಿ ಹೇಳಿದೆ. ಆ 56 ದಿನದ ಕೊರತೆಯನ್ನು ತುಂಬಬಲ್ಲದ್ದು ಈ ನಾಲ್ಕು ಭೇಟಿಗಳೇ. ವೈಟ್‌ಫೀಲ್ಡಿನ ಮನೆಗೆಲಸದ ಹೆಂಗಸಿಗೆ ಸಂಬಳದ ರಜೆ, ಶಿಶುಪಾಲನೆ ಎರಡೂ ಇಲ್ಲ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಸಿಕ್ಕರೆ ಸಿಕ್ಕಿತು. ರಾಜ್ಯದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಶೇ 61 ಮಾತ್ರ ಎಂಬ ಸಮೀಕ್ಷೆಯ ಅಂಕಿಯನ್ನು ತಾಯಂದಿರ ಅರಿವಿನ ಕೊರತೆ ಎಂದು ಓದುವವರು ಈ ರಜೆಯ ಲೆಕ್ಕವನ್ನೂ ಓದಬೇಕು.

ಡೇಕೇರ್‌ಗೆ ಸೇರಿದ ಮೇಲೆ ನೆಗಡಿ ಬಿಡುವುದೇ ಇಲ್ಲ ಎಂಬ ದೂರಿಗೆ ಒಂದು ಮಾತು. ಆರೋಗ್ಯವಂತ ಪುಟ್ಟ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ, ಕೆಮ್ಮು ಸಹಜ. ಡೇಕೇರ್ ಮಕ್ಕಳಿಗೆ ಹತ್ತು ಹನ್ನೆರಡು. ಒಂದೊಂದು ಎಂಟು ದಿನ ಇದ್ದರೂ ವರ್ಷದಲ್ಲಿ ಎರಡು ಮೂರು ತಿಂಗಳು ಮೂಗು ಸೋರುತ್ತಿರುತ್ತದೆ. ಮಗು ತೂಕ ಏರುತ್ತಿದ್ದರೆ, ನಡುವೆ ಚೆನ್ನಾಗಿ ಆಡುತ್ತಿದ್ದರೆ ಕಣಗಳು ಪಾಠ ಕಲಿಯುತ್ತಿವೆ ಎಂದೇ ಅರ್ಥ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ಎರಡು ತಿಂಗಳು ಆ್ಯಂಟಿಬಯೋಟಿಕ್ ಕೊಟ್ಟರೂ ಇಳಿಯದ ಸೋಂಕು, ಬಿಡದ ಬಾಯಿಹುಣ್ಣಿನ ಬೂಷ್ಟು, ನಿಂತುಹೋದ ತೂಕ, ಇವು ಬೇರೆ ಮಾತು.

105 ದಿನದ ಗಡುವು

ಕೆಲವು ಮಕ್ಕಳಲ್ಲಿ ಟಿ ಕಣಗಳು ಹುಟ್ಟುವುದೇ ಇಲ್ಲ. ಸ್ಕಿಡ್ ಎಂದು ವೈದ್ಯರು ಕರೆಯುವ ತೀವ್ರ ರೋಗನಿರೋಧಕ ಕೊರತೆ ಇದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ನವಜಾತ ಶಿಶುಗಳನ್ನೆಲ್ಲ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ 58,000 ಮಕ್ಕಳಿಗೆ ಒಂದು. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಹೆರಿಗೆ ಎಂದು ಹಿಡಿದರೆ 17 ಮಕ್ಕಳು. ನಮ್ಮಲ್ಲಿ ಇದಕ್ಕಿಂತ ಹೆಚ್ಚಿರಲು ಕಾರಣವಿದೆ. ರಾಜ್ಯದಲ್ಲಿ ಶೇ 27ರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಸೋದರಮಾವನಿಗೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಹಳೆಯದು. ಅಪ್ಪ ಅಮ್ಮ ಇಬ್ಬರೂ ಒಂದೇ ದೋಷದ ವಂಶವಾಹಿ ಹೊತ್ತಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ.

ಸ್ಕಿಡ್‌ಗೆ ಚಿಕಿತ್ಸೆ ಅಸ್ಥಿಮಜ್ಜೆ ಕಸಿ, ಅದರಲ್ಲಿ ವೇಳೆಯೇ ಎಲ್ಲ. 2000ದಿಂದ 2009ರವರೆಗೆ ಉತ್ತರ ಅಮೆರಿಕದ 25 ಕೇಂದ್ರಗಳಲ್ಲಿ ಅಸ್ಥಿಮಜ್ಜೆ ಕಸಿ ಪಡೆದ 240 ಮಕ್ಕಳ ಅಧ್ಯಯನ 2014ರಲ್ಲಿ ಹೊರಬಂತು. ಮೂರೂವರೆ ತಿಂಗಳೊಳಗೆ, ಅಂದರೆ ಸುಮಾರು 105 ದಿನದೊಳಗೆ ಕಸಿಯಾದವರಲ್ಲಿ ಶೇ 94 ಮಕ್ಕಳು ಐದು ವರ್ಷ ದಾಟಿದ್ದರು. ತಡವಾಗಿ, ಮೈಯಲ್ಲಿ ಸೋಂಕು ಇದ್ದಾಗಲೇ ಕಸಿಯಾದವರಲ್ಲಿ ಶೇ 50. ನಮ್ಮಲ್ಲಿ ಈ ಮಕ್ಕಳು ಗೊತ್ತಾಗುವುದೇ ಎರಡನೆಯದೋ ಮೂರನೆಯದೋ ನ್ಯುಮೋನಿಯಾ ಬಂದಾಗ. ಅಷ್ಟರಲ್ಲಿ ಹುಟ್ಟಿದ ದಿನ ಬಿಸಿಜಿ ಹಾಕಿ, ಮುಂದೆ ರೋಟಾ ಮತ್ತು ಪೋಲಿಯೊ ಹನಿ ಕೊಟ್ಟಾಗಿರುತ್ತದೆ. ಇವೆಲ್ಲ ಜೀವಂತ ಲಸಿಕೆಗಳು. ಬೇರೆಲ್ಲ ಮಕ್ಕಳಿಗೆ ರಕ್ಷೆಯಾಗುವ ಬಿಸಿಜಿ ಈ ಮಗುವಿನಲ್ಲಿ ಮೈತುಂಬಾ ಹರಡಬಲ್ಲದು.

ಪ್ರತಿ ಕೂಸಿನ ಹಿಮ್ಮಡಿ ರಕ್ತದಿಂದ ಇದನ್ನು ಕಂಡುಹಿಡಿಯುವ ಪರೀಕ್ಷೆ ಇದೆ. ಅಮೆರಿಕದಲ್ಲಿ ತಲಾ ಸುಮಾರು 5 ಡಾಲರ್. 400 ರೂಪಾಯಿ ಎಂದು ಹಿಡಿದು ಹತ್ತು ಲಕ್ಷ ಮಕ್ಕಳಿಗೆ ಮಾಡಿದರೆ 40 ಕೋಟಿ. 17 ಮಕ್ಕಳಿಗೆ ಭಾಗಿಸಿದರೆ ಒಂದು ಮಗುವನ್ನು ಪತ್ತೆ ಹಚ್ಚಲು 2.35 ಕೋಟಿ. ದೊಡ್ಡ ಮೊತ್ತ, ಇದನ್ನು ಮುಚ್ಚಿಡಬಾರದು. ಆದರೆ ಆರಂಭ ಅಷ್ಟು ದುಬಾರಿಯಾಗಬೇಕಿಲ್ಲ. ರಕ್ತಸಂಬಂಧದ ಮದುವೆಯ ಮನೆಗಳ 2.7 ಲಕ್ಷ ಕೂಸುಗಳಿಗೆ 300 ರೂಪಾಯಿಯ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಸಾಮಾನ್ಯ ಪರೀಕ್ಷೆ ಮಾಡಿಸಿದರೆ 8.1 ಕೋಟಿ. ಅದರಲ್ಲಿ ಲಿಂಫೋಸೈಟ್ ಎಣಿಕೆ 3,000ಕ್ಕಿಂತ ಕಡಿಮೆ ಬಂದವರಿಗೆ ಮತ್ತೊಮ್ಮೆ ಪರೀಕ್ಷೆ, ಆಮೇಲೆ ತಜ್ಞರ ಬಳಿಗೆ. ಸೋಂಕು ಬಂದಾಗಲೂ ಎಣಿಕೆ ತಾತ್ಕಾಲಿಕವಾಗಿ ಇಳಿಯುತ್ತದೆ, ಹಾಗಾಗಿ ಒಂದೇ ಅಂಕಿಗೆ ಎದೆಗೆಡಬಾರದು. ಬಿ ಕಣಗಳು ಇರುವ ಸ್ಕಿಡ್ ಮಕ್ಕಳಲ್ಲಿ ಎಣಿಕೆ ಸರಿಯಿದ್ದಂತೆ ಕಂಡು ಕೆಲವರು ತಪ್ಪಿಸಿಕೊಳ್ಳುತ್ತಾರೆ ಎಂಬುದೂ ನಿಜ. ಆದರೂ ಈಗ ಮಾಡಿಸುತ್ತಿರುವ ಪರೀಕ್ಷೆಯನ್ನೇ ಸರಿಯಾಗಿ ಓದುವುದರಿಂದ ಸಿಗುವ ಜೀವಗಳನ್ನು ಬಿಟ್ಟುಕೊಡುವುದು ನ್ಯಾಯವಲ್ಲ.

ಓದುವುದು ಕಷ್ಟವಲ್ಲ. ಒಟ್ಟು ಬಿಳಿ ರಕ್ತಕಣವನ್ನು ಲಿಂಫೋಸೈಟ್‌ನ ಶೇಕಡಾ ಪ್ರಮಾಣದಿಂದ ಗುಣಿಸಿ 100ರಿಂದ ಭಾಗಿಸಿದರೆ ಆಯಿತು. 11,400 ಕಣ, ಶೇ 62 ಎಂದರೆ 7,068, ಕೂಸಿಗೆ ಒಳ್ಳೆಯ ಅಂಕಿ. 7,000 ಕಣ, ಶೇ 20 ಎಂದರೆ 1,400, ಅಪಾಯ. ಪ್ರಯೋಗಾಲಯಗಳು ಮಗುವಿನ ವಯಸ್ಸನ್ನು ವರದಿಯ ಮೇಲ್ಭಾಗದಲ್ಲಿ ಹೇಗೂ ಅಚ್ಚು ಹಾಕುತ್ತವೆ. ಆ ವಯಸ್ಸಿನ ಮಿತಿಯನ್ನು ಪಕ್ಕದಲ್ಲಿ ಮುದ್ರಿಸಲು ಸಾಫ್ಟ್‌ವೇರಿನಲ್ಲಿ ಒಂದು ಪಟ್ಟಿ ಸೇರಿಸಿದರೆ ಸಾಕು. ಅರ್ಧ ಜಗತ್ತಿಗೆ ಸಾಫ್ಟ್‌ವೇರ್ ಬರೆದುಕೊಡುವ ಊರಿನಲ್ಲಿ ಇದನ್ನು ಬೇಡಿ ಪಡೆಯಬೇಕಾಗಿರಬಾರದು.

ಸ್ಕಿಡ್ ಪತ್ತೆಯಾದ ಮೇಲೆ ಚಿಕಿತ್ಸೆಗೆ ಹಣ ಎಲ್ಲಿಂದ? ಇದಕ್ಕೆ ಉತ್ತರ ಈ ಕೈಗಾರಿಕೆ ಮತ್ತು ಐಟಿ ಪಟ್ಟಿಯಲ್ಲೇ ಇದೆ. 2021ರ ಮಾರ್ಚ್‌ನಲ್ಲಿ ಬಂದ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಅನ್ನು ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗಬಲ್ಲ ಗುಂಪಿಗೆ ಸೇರಿಸಿದ್ದಾರೆ. ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ನೀತಿಯಡಿ ಮೊದಲು ಗುರುತಿಸಿದ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಎಲೆಕ್ಟ್ರಾನಿಕ್ ಸಿಟಿ ಮೊದಲ ಹಂತದ ಬಯೋಟೆಕ್ ಪಾರ್ಕಿನಲ್ಲಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ. ಮಕ್ಕಳ ಅಸ್ಥಿಮಜ್ಜೆ ಕಸಿ ಮಾಡುವ ಆಸ್ಪತ್ರೆ ಅಲ್ಲಿಂದ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಬೊಮ್ಮಸಂದ್ರದಲ್ಲಿದೆ. 17 ಮಕ್ಕಳಿಗೂ ಪೂರ್ತಿ 50 ಲಕ್ಷ ಕೊಟ್ಟರೂ ವರ್ಷಕ್ಕೆ 8.5 ಕೋಟಿ.

ಬಿ ಕಣಗಳಿಲ್ಲದೆ ಹುಟ್ಟುವ ಗಂಡುಮಕ್ಕಳ ಕತೆ ಬೇರೆ. 1952ರಲ್ಲಿ ಆಗ್ಡನ್ ಬ್ರೂಟನ್ ವಿವರಿಸಿದ ಈ ಕೊರತೆಯಿರುವ ಕೂಸು ಐದಾರು ತಿಂಗಳು ಚೆನ್ನಾಗಿಯೇ ಇರುತ್ತದೆ. ಅಮ್ಮನ ಐಜಿಜಿ ಮುಗಿದ ಮೇಲೆ ಸೋಂಕುಗಳ ಸಾಲು ಶುರು. ಇವರಿಗೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯವನ್ನು ಕೆಜಿಗೆ ಅರ್ಧ ಗ್ರಾಂನಂತೆ ನಾಲ್ಕು ವಾರಕ್ಕೊಮ್ಮೆ ಜೀವನಪೂರ್ತಿ ಕೊಡಬೇಕು. ಗ್ರಾಂಗೆ 2,000 ರೂಪಾಯಿ ಎಂದು ಹಿಡಿದರೆ 6 ಕೆಜಿ ಕೂಸಿಗೆ ಒಂದು ಸಲಕ್ಕೆ 6,000, ವರ್ಷಕ್ಕೆ 78,000. ಅದೇ ಮಗು 30 ಕೆಜಿ ಆದಾಗ ವರ್ಷಕ್ಕೆ 3.9 ಲಕ್ಷ. ಮಗು ಬೆಳೆದಷ್ಟೂ ಖರ್ಚು ಬೆಳೆಯುತ್ತದೆ. ಒಂದು ಸಲದ ಕಸಿಗೆ ಮಾಡಿದ ವ್ಯವಸ್ಥೆ ಈ ಬಗೆಯ ನಿರಂತರ ಖರ್ಚಿಗೆ ಹೊಂದುವುದಿಲ್ಲ. ಇದಕ್ಕೆ ಜಿಲ್ಲಾಸ್ಪತ್ರೆಯ ಔಷಧ ಪಟ್ಟಿಯಲ್ಲೇ ಜಾಗ ಬೇಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ತವರಿನಲ್ಲಿ, ನೆಂಟರಲ್ಲಿ ಒಂದು ವರ್ಷದೊಳಗಿನ ಕೂಸು ನ್ಯುಮೋನಿಯಾದಿಂದಲೋ ಕಾರಣ ತಿಳಿಯದ ಸೋಂಕಿನಿಂದಲೋ ತೀರಿಕೊಂಡಿದ್ದರೆ ಅದನ್ನು ಹಣೆಬರಹ ಎಂದು ಒಳಗೇ ಇಟ್ಟುಕೊಳ್ಳಬೇಡಿ. ಮುಂದಿನ ಹೆರಿಗೆಗೆ ಮುಂಚೆಯೇ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಹುಟ್ಟಿದ ಮಗುವಿಗೆ ಬಿಸಿಜಿ ಹಾಕುವ ಮುಂಚೆ ಸಿಬಿಸಿ ಮಾಡಿಸಿ, ಲಿಂಫೋಸೈಟ್ ಎಣಿಕೆ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ.